ಅರ್ಧ ಬಾಯಲ್ಲಿ ಚಿಮ್ಮನಚೋಡಕ್ಕೆ

ಕಲಬುರಗಿಯಲ್ಲಿ ಚಿಂಚೋಳಿ ಕಡೆಯ ಬಸ್ ಹತ್ತಿ ಕೂತಾಗ ನನ್ನ ಬಾಯಿಗೆ ಎಡಗಡೆ ಎಂಬುದೇ ಇರಲಿಲ್ಲ. ಕನ್ನಡಿಯಲ್ಲಿ ಮಾತ್ರ ಇತ್ತು. ಬಗ್ಗಿ ಡ್ರೈವರನ ಕನ್ನಡಿಯಲ್ಲಿ ನೋಡಿಕೊಂಡೆ. ತುಟಿ ತನ್ನ ಜಾಗದಲ್ಲೇ, ಎಂದಿನ ದಪ್ಪದಲ್ಲೇ ಕೂತಿತ್ತು. ಮುಟ್ಟಿದರೆ ಬೆರಳಿಗೆ ತುಟಿ ಗೊತ್ತಾಗುತ್ತಿತ್ತು, ತುಟಿಗೆ ಬೆರಳು ಗೊತ್ತಾಗುತ್ತಿರಲಿಲ್ಲ. ಐವತ್ತು ವರ್ಷ ಜೊತೆಗಿದ್ದ ತುಟಿ ಒಂದು ಸೂಜಿಗೆ ಪರರ ಪಾಲಾಗಿತ್ತು.

ಬೆಳಿಗ್ಗೆ ಹನ್ನೊಂದಕ್ಕೆ ಕೆಳಗಿನ ಎಡ ದವಡೆ ಹಲ್ಲು ಕೀಳಿಸಿಕೊಂಡಿದ್ದೆ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಅರಳೆ ಮುಕ್ಕಾಲು ತಾಸು ಕಚ್ಚಿ ಹಿಡೀರಿ, ಉಗುಳಬ್ಯಾಡ್ರಿ, ಸ್ಟ್ರಾ ಹಾಕಿ ಏನೂ ಹೀರಬ್ಯಾಡ್ರಿ, ನಾಳೆ ಈ ಹೊತ್ತಿನತನಕ ಬಿಸಿ ಚಹಾ ಬ್ಯಾಡ. ಹಲ್ಲು ಬಿಟ್ಟುಹೋದ ಗುಳಿಯಲ್ಲಿ ಹೆಪ್ಪುಗಟ್ಟುವ ರಕ್ತವೇ ಗಾಯದ ಮುಚ್ಚಳವಂತೆ. ಜೋರಾಗಿ ಹೀರಿದರೆ ಅದು ಕಿತ್ತು ಬಂದು ಎಲುಬು ಬಯಲಾಗುತ್ತದೆ, ಆಮೇಲಿನ ನೋವು ಹಲ್ಲುನೋವಿಗಿಂತ ಕೆಟ್ಟದ್ದು. ಎಲ್ಲದಕ್ಕೂ ತಲೆಯಾಡಿಸಿ ಬಂದಿದ್ದೆ. ಚಿಮ್ಮನಚೋಡದಲ್ಲಿ ಸೋದರತ್ತೆಯ ಮನೆ. ಎರಡು ತಾಸಿನ ಮೇಲಿನ ಹಾದಿ, ಮಾರ್ಚ್ ಕೊನೆಯ ಬಿಸಿಲು.

ಬಸ್ ಊರು ದಾಟುವಷ್ಟರಲ್ಲಿ ಗಂಟಲು ಒಣಗಿತು. ಅರಳೆ ತೆಗೆದಿಟ್ಟು, ನಮ್ಮ ಕಡೆಯವರೆಲ್ಲ ಕುಡಿಯುವಂತೆ ಬಾಟ್ಲಿ ಎತ್ತಿ, ತುಟಿಗೆ ತಾಗಿಸದೆ, ಮೇಲಿಂದ ಗಟಗಟ ಸುರಿದುಕೊಂಡೆ. ಎತ್ತಿ ಕುಡಿಯುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ, ಅದರಲ್ಲಿ ಯಾರೂ ಫೇಲಾಗುವುದಿಲ್ಲ. ನಾನು ಆದೆ. ಅರ್ಧ ನೀರು ಎಡಗಡೆಯಿಂದ ಸದ್ದಿಲ್ಲದೆ ಇಳಿದು ಅಂಗಿ ತೊಯ್ಸಿತು. ಎದೆ ತಣ್ಣಗಾದ ಮೇಲೆಯೇ ಗೊತ್ತಾಗಿದ್ದು. ಉಳಿದದ್ದು ನಾಲಿಗೆಗೆ ಸುಳಿವು ಕೊಡದೆ ಹಿಂದಕ್ಕೆ ಜಾರಿ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಪಕ್ಕದ ಸೀಟಿನ ಹಿರಿಯರು ನೆತ್ತಿ ತಟ್ಟಿ, "ಯಾರೋ ನೆನಸ್ಲಿಕತ್ತಾರ ನೋಡ್ರಿ" ಅಂದರು.

ನೆನೆಸಬೇಕಾದವನು ನಾನು, ಅದೂ ಸ್ವೀಡನ್ನಿನವರನ್ನು. 1930ರ ದಶಕದಲ್ಲಿ ಹೋಲ್ಗರ್ ಎರ್ಡ್ಟ್‌ಮನ್ ಎಂಬ ರಸಾಯನ ವಿಜ್ಞಾನಿ ತಾನು ತಯಾರಿಸಿದ ವಸ್ತುವೊಂದನ್ನು ನಾಲಿಗೆಗೆ ಇಟ್ಟು ನೋಡಿದ. ತುಟಿ ನಾಲಿಗೆ ಜೋಮು ಹಿಡಿದವು. ಆ ಎಳೆ ಹಿಡಿದು ಹೊರಟ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಡೋಕೇನ್ ಮಾಡಿದ. ಅವನ ಜೊತೆಗಾರ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. ನಮ್ಮ ದವಾಖಾನೆಗಳಲ್ಲಿ ಲಿಗ್ನೋಕೇನ್ ಅನ್ನುವುದು ಇದಕ್ಕೇ, ನನ್ನ ತುಟಿ ಮಲಗಿಸಿದ ಸೂಜಿಯಲ್ಲಿ ಇದ್ದದ್ದೂ ಇದೇ. ಅಂದರೆ ಈ ಔಷಧದ ಕಥೆ ಶುರುವಾದದ್ದೇ ಯಾರದೋ ಮರಗಟ್ಟಿದ ನಾಲಿಗೆಯ ಮೇಲೆ.

ಇನ್ನೂ ಸೋಜಿಗದ ಮಾತೊಂದಿದೆ. ತುಟಿ ಅಲುಗಿಸುವ ನರ ಬೇರೆ, ತುಟಿಯ ಸುದ್ದಿ ತರುವ ನರ ಬೇರೆ. ಕೆಳದವಡೆಯ ಸೂಜಿ ಮಲಗಿಸುವುದು ಸುದ್ದಿ ತರುವವನನ್ನು. ತುಟಿ ಹೇಳಿದಂತೆ ಮುಚ್ಚುತ್ತದೆ, ಆದರೆ ಮುಚ್ಚಿದೆನೋ ಇಲ್ಲವೋ ಎಂದು ತಿರುಗಿ ಹೇಳುವವರಿಲ್ಲ. ಬಿಸಿ ಯಾವುದು, ತಣ್ಣನೆ ಯಾವುದು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದು ಅನ್ನವೋ ತನ್ನ ಕೆನ್ನೆಯೋ, ಒಂದೂ ತಿಳಿಯದು. ಚಿಕ್ಕ ಮಕ್ಕಳು ಈ ಹೊತ್ತಿನಲ್ಲಿ ತುಟಿಯನ್ನು ಆಟಕ್ಕೆಂಬಂತೆ ಅಗಿದು ಗಾಯ ಮಾಡಿಕೊಳ್ಳುವುದು ಇದಕ್ಕೇ. ಹಲ್ಲಿನ ಜೋಮು ಒಂದೆರಡು ತಾಸಿನಲ್ಲಿ ಹೋದರೂ ತುಟಿ, ನಾಲಿಗೆಯದು ಮೂರರಿಂದ ಐದು ತಾಸು ನಿಲ್ಲುತ್ತದೆ.

ಮಹಾಗಾಂವ ಕ್ರಾಸಿನಲ್ಲಿ ಕಬ್ಬಿನ ಹಾಲಿನ ಗಾಣ ಗೆಜ್ಜೆ ಕಟ್ಟಿಕೊಂಡು ತಿರುಗುತ್ತಿತ್ತು. ಹುಡುಗ ಕಿಟಕಿಗೆ ಗ್ಲಾಸು ಹಿಡಿದ, ಅದರಲ್ಲೊಂದು ಸ್ಟ್ರಾ. ಮನಸ್ಸು ಹೂಂ ಅಂದಿತು. ಬೇಡ ಎನ್ನಲು ಬಾಯಿ ತೆರೆದರೆ "ಬ್ಯಾಡ" ಹೋಗಿ "ವ್ಯಾಡ" ಆಯಿತು.

ಆಮೇಲೆ ಸುಮ್ಮನೆ ಹೊರಗೆ ನೋಡಿದೆ. ತೊಗರಿ ಕೊಯ್ದ ಕರಿಹೊಲಗಳು ಬಿರುಕು ಬಿಟ್ಟು ಮಲಗಿದ್ದವು. ಚಿಂಚೋಳಿ ಸೀಮೆ ಹತ್ತಿರವಾದಂತೆ ನೆಲ ಕೆಂಪಿಗೆ ತಿರುಗಿತು. ಎಲೆಯೇ ಇಲ್ಲದ ಮುತ್ತುಗದ ಮರಗಳು, ಟೊಂಗೆಯ ತುದಿಗೆ ಕೆಂಡ ಅಂಟಿಸಿದಂತೆ ಹೂವು. ಬಿಸಿಲ ನಾಡು ಎಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ಹೀಗೊಂದು ಕಾಡಿದೆ ಎಂದರೆ ಬೆಂಗಳೂರಿನವರು ಈಗಲೂ ನಗುತ್ತಾರೆ. 2011ರಲ್ಲಿ ಅದು ವನ್ಯಜೀವಿ ಧಾಮವಾಗಿದೆ, ಹರವು 134 ಚದರ ಕಿಲೋಮೀಟರಿಗೂ ಹೆಚ್ಚು. ಬಾಯಿ ಅರ್ಧ ಇಲ್ಲದ ಹೊತ್ತಿಗೆ ಕಣ್ಣು ಎರಡು ಪಾಲು ಕೆಲಸ ಮಾಡುತ್ತದೋ ಏನೋ, ಆ ಹೂವನ್ನು ಅಷ್ಟು ಕೆಂಪಗೆ ನಾನು ಹಿಂದೆ ಕಂಡಿರಲಿಲ್ಲ.

ಚಿಮ್ಮನಚೋಡಕ್ಕೆ ಮುಲ್ಲಾಮಾರಿ ನದಿ. ಮಳೆಗಾಲದಲ್ಲಿ ಮೇಲಿನ ನಾಗರಾಳ ಜಲಾಶಯದಿಂದ ನೀರು ಬಿಟ್ಟರೆ ದಡದ ಊರುಗಳ ಸೇತುವೆಗಳು ಮುಳುಗುತ್ತವೆ. ಆವತ್ತು ಹೊಳೆ ಕಲ್ಲುಗಳ ನಡುವೆ ಸಣ್ಣಗೆ ಹರಿಯುತ್ತಿತ್ತು, ಕಾಗಿಣಾ ಕಡೆಗೆ. ಬೊಗಸೆಯೊಡ್ಡಿ ಮುಖ ತೊಳೆದೆ. ಬಲಗೆನ್ನೆಗೆ ತಣ್ಣಗಾಯಿತು. ಎಡಗಡೆಯ ಗದ್ದಕ್ಕೆ ನದಿಯೇ ಇರಲಿಲ್ಲ.

ಮನೆಯಲ್ಲಿ ಅತ್ತೆ ಮೊದಲು ತಂಬಿಗೆ ನೀರು ಇಟ್ಟಳು, ಬೆನ್ನಿಗೇ ಕಪ್ಪು ಬಸಿಯಲ್ಲಿ ಹೊಗೆಯಾಡುವ ಚಹಾ. ಬಂದವರು ಚಹಾ ಒಲ್ಲೆ ಅಂದರೆ ನಮ್ಮಲ್ಲಿ ಅದಕ್ಕೆ ಬೇರೆ ಅರ್ಥ. ಕೈಸನ್ನೆಯಲ್ಲಿ ಕಥೆ ಹೇಳಿದೆ. ಅವಳು ಕಪ್ಪಿನ ಮೈಗೆ ಬೆರಳು ಹಚ್ಚಿ, "ಯಪ್ಪಾ, ಇದನ್ನ ಕುಡದಿದ್ರ ಬಾಯಿ ಸುಟ್ಟಿದ್ದು ರಾತ್ರಿಗೇ ಗೊತ್ತಾಗ್ತಿತ್ತು" ಎಂದು ಎತ್ತಿಕೊಂಡು ಹೋದಳು. ತಿರುಗಿ ಬಂದಾಗ ಕೈಯಲ್ಲಿ ಅಗಲ ಬಾಯಿಯ ಬಟ್ಟಲು, ಅದರಲ್ಲಿ ತೆಳು ಮಜ್ಜಿಗೆ. ಖಾರವಿಲ್ಲ, ಒಗ್ಗರಣೆಯಿಲ್ಲ, ಕೊತ್ತಂಬರಿ ಎಸಳೂ ಇರದಂತೆ ಸೋಸಿದ್ದು.

"ನೆಟ್ಟಗ ಕೂಡು. ಗದ್ದ ಎದಿ ಕಡಿ ತಗೊ. ಬಟ್ಟಲಾ ಬಲಕ್ಕ ಹಿಡಿ. ಒಂದ್ ಗುಟುಕು. ನುಂಗು. ಈಗ ನನ್ನ ಹೆಸರು ಕರಿ."

"ಅತ್ತಿ" ಅಂದೆ.

"ದನಿ ಸ್ವಚ್ಛ ಅದ. ಇನ್ನೊಂದ್ ಗುಟುಕು."

ಎಲ್ಲಿ ಕಲಿತೆ ಎಂದು ಕೇಳಿದೆ. "ನಮ್ಮ ಅತ್ತಿಗಿ ಲಕ್ವಾ ಹೊಡದಿತ್ತಲ್ಲ, ಎರಡು ವರ್ಷ ಹಿಂಗೇ ಕುಡಿಸೀನಿ. ಆಕಿಗೂ ಎಡಗಡೀನೇ ಹೋಗಿತ್ತು." ಪಾರ್ಶ್ವವಾಯು ಆದವರಿಗೆ ನೀರು ಶ್ವಾಸನಾಳಕ್ಕೆ ಹೋಗದಿರಲಿ ಎಂದು ಆಸ್ಪತ್ರೆಗಳಲ್ಲಿ ಕಲಿಸುವ ಪಾಠಗಳಲ್ಲಿ ಇವೂ ಇವೆ: ನೆಟ್ಟಗೆ ಕೂಡಿಸುವುದು, ಗದ್ದ ತಗ್ಗಿಸುವುದು, ಗಟ್ಟಿ ಇರುವ ಕಡೆಯಿಂದ ಸಣ್ಣ ಗುಟುಕು, ಆಮೇಲೆ ದನಿ ಗೊರಗೊರ ಅನ್ನುತ್ತದೋ ಕೇಳುವುದು. ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಬಟ್ಟಲು ಮುಗಿಯುವತನಕ ಒಂದು ಹನಿ ಅಂಗಿಗೆ ಬೀಳಲಿಲ್ಲ.

ಮೂರೂವರೆಗೆ ತುಟಿಯ ಮೂಲೆಯಲ್ಲಿ ಇರುವೆ ನಡೆದಂತೆ ಚುಮುಚುಮು. ಮೊದಲು ಗದ್ದ ಬಂತು, ಆಮೇಲೆ ತುಟಿಯ ಅಂಚು, ಕಡೆಗೆ ನಾಲಿಗೆಯ ತುದಿ, ದೂರದೂರಿಂದ ಒಬ್ಬೊಬ್ಬರೇ ಮನೆಗೆ ಬಂದ ಹಾಗೆ. ನೋವೂ ಅವರ ಹಿಂದೆಯೇ ಬಂತು, ಡಾಕ್ಟರಮ್ಮ ಕೊಟ್ಟ ಗುಳಿಗೆಗೆ ಬಗ್ಗಿತು. ಸಂಜೆ ಮತ್ತೆ ಹೊಳೆಗೆ ಹೋದೆ. ಗಾಳಿ ಎಡದುಟಿಗೂ ತಾಗಿತು.

ಹಲ್ಲಿನ ದವಾಖಾನೆಗೆ ಹೋಗುವ ದಿನ ಚೀಲದಲ್ಲಿ ಬಾಟ್ಲಿಯ ಜೊತೆ ಅಗಲ ಬಾಯಿಯ ಬಟ್ಟಲೊಂದನ್ನು ಇಟ್ಟುಕೊಳ್ಳಿ. ಜೋಮು ಇಳಿಯುವತನಕ ಎತ್ತಿ ಕುಡಿಯಬೇಡಿ.