ಕಮಲನಗರಕ್ಕೆ ಬರುವ ದಾರಿ

18 ಏಪ್ರಿಲ್ 2025, ಶುಕ್ರವಾರ

30ಕ್ಕೆ ಬಸವ ಜಯಂತಿ, ಅಕ್ಷಯ ತೃತೀಯ. ಅವತ್ತೇ ಅಣ್ಣನ ಮಗಳ ಮದುವೆ. ಅಡುಗೆ, ಮಂಟಪ, ಬಾಜಾ ಎಲ್ಲ ಅಣ್ಣ-ವೈನಿ ನೋಡಿಕೊಳ್ಳುತ್ತಾರೆ. ದೂರದಿಂದ ಬರುವ ಬೀಗರು-ಬಂಧುಗಳನ್ನು ಮನೆ ಮುಟ್ಟಿಸುವ ಜವಾಬ್ದಾರಿ ನನ್ನದು.

ಬೆಳಗ್ಗೆಯೇ ಬೆಂಗಳೂರಿನಿಂದ ತಂಗಿಯ ಫೋನು: “ಅಕ್ಕಾ, ನಿನ್ನಿ ಹಿಡ್ದು ಬೀದರಿಗೆ ಮತ್ತ ವಿಮಾನ ಶುರು ಆಗ್ಯಾದಂತ. ತಾಸೂಕಾಲಿನ್ಯಾಗ ಬಂದು ಇಳೀತೀವಿ.”

ನನಗೂ ಖುಷಿಯಾಯಿತು. ಬೀದರಿನ ವಾಯುಪಡೆ ನೆಲೆಯ ತರಬೇತಿ ವಿಮಾನಗಳನ್ನಷ್ಟೇ ನೋಡಿ ಬೆಳೆದವರು ನಾವು. 2020ರ ಫೆಬ್ರವರಿಯಲ್ಲಿ ಅದೇ ನೆಲೆಯಿಂದ ಬೆಂಗಳೂರಿಗೆ ಮೊದಲ ನಾಗರಿಕ ವಿಮಾನ ಹಾರಿದಾಗ ಜಿಲ್ಲೆಯೇ ಸಂಭ್ರಮಿಸಿತ್ತು. ಆಮೇಲೆ ನಿಂತಿತು. 2022ರ ಜೂನ್‌ನಲ್ಲಿ ಮತ್ತೆ ಬಂತು, ಮುಂದಿನ ವರ್ಷದ ಕೊನೆಗೆ ಮತ್ತೆ ನಿಂತಿತು. ಈಗ ಮೂರನೇ ಸಲ. ಈ ಸಲ ನಿಲ್ಲದಿರಲಿ. ಎದೆನೋವಿನವರನ್ನು, ಪರೀಕ್ಷೆಗೆ ಹೋಗುವ ಮಕ್ಕಳನ್ನು ಅದು ಅರ್ಧ ದಿನದೊಳಗೆ ರಾಜಧಾನಿ ಮುಟ್ಟಿಸುತ್ತದೆ.

ಆದರೆ ತಂಗಿಯ ಜೊತೆ ಎರಡು ಮಕ್ಕಳು, ಮೊಣಕಾಲು ನೋವಿನ ಅತ್ತೆ, ಮದುವೆಯ ಸಾಮಾನು. ವಿಮಾನವಾದರೆ ಸಾಮಾನು ತೂಗಿ ತರಬೇಕು, ಅದೂ ದಿನಾ ಇಲ್ಲ. ಬೀದರಿನಲ್ಲಿ ಇಳಿದ ಮೇಲೂ ಇಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ಉಳಿಯುತ್ತದೆ. ನಾಲ್ಕು ಜನರ ವಿಮಾನದ ದುಡ್ಡಿನಲ್ಲಿ ಅವರು ರೈಲಿನಲ್ಲಿ ಹೋಗಿ ಬಂದು ಮತ್ತೂ ಉಳಿಸಬಹುದು. ರಾತ್ರಿ ಯಶವಂತಪುರದಲ್ಲಿ ಹತ್ತಿ ಬೆಳಗ್ಗೆ ಬೀದರಿನಲ್ಲಿ ಇಳಿಯಲಿ ಎಂದೆ.

20 ಏಪ್ರಿಲ್, ಭಾನುವಾರ

ರೈಲಿನ ಟಿಕೆಟಿಗೆ ವೇಟಿಂಗ್ ಲಿಸ್ಟ್. ಕಳೆದ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಲಗ್ನ ಗೊತ್ತಾಗುವ ಹೊತ್ತಿಗೆ ರಜೆಯ ಗಾಡಿಗಳೆಲ್ಲ ತುಂಬಿದ್ದವು. ಕೊನೆಗೆ ಕಲಬುರಗಿಯವರೆಗೆ ಬರ್ತು ಸಿಕ್ಕಿತು. ಅಲ್ಲಿಂದ ಹುಮನಾಬಾದ್ ಮೇಲೆ ಬೀದರಿಗೆ 110 ಕಿಲೋಮೀಟರಿನ ಹೊಸ ಹಳಿ ಇದೆ. 2017ರ ಅಕ್ಟೋಬರಿನಲ್ಲಿ ಅದು ತೆರೆಯುವ ತನಕ ನಾವು ರೈಲಿನಲ್ಲಿ ಕಲಬುರಗಿಗೆ ಹೋಗಬೇಕೆಂದರೆ ವಿಕಾರಾಬಾದ್, ವಾಡಿ ಸುತ್ತಿ ಬರಬೇಕಿತ್ತು. ನಮ್ಮದೇ ವಿಭಾಗದ ಕೇಂದ್ರಕ್ಕೆ ಪರರಾಜ್ಯ ಹಾದು ಹೋಗುವ ಪಾಡು!

ಸಂಜೆ ನಮ್ಮೂರ ಸ್ಟೇಷನ್ನಿಗೆ ಹೋಗಿ ಗಾಡಿಗಳ ಸಮಯ ಬರೆದುಕೊಂಡು ಬಂದೆ. ಭಾಲ್ಕಿ, ಉದಗೀರಿನಲ್ಲಿ ನಿಲ್ಲುವ ಗಾಡಿಗಳೆಲ್ಲ ಕಮಲನಗರದಲ್ಲಿ ನಿಲ್ಲುವುದಿಲ್ಲ. ಒಂಟಿ ಹಳಿ, ಎದುರು ಗಾಡಿ ಬರುವ ತನಕ ಕಾಯಬೇಕು. ಬೇವಿನ ನೆರಳಲ್ಲಿ ಜೋಳದ ಚೀಲ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಪ್ಯಾಸೆಂಜರ್ ಗಾಡಿಗೆ ಕಾದಿದ್ದಳು. ಟಿಕೆಟ್ ಸೆರಗಿನ ಗಂಟಲ್ಲಿ ಭದ್ರ. “ಬಸ್ಸಿನ್ಯಾಗ ಚೀಲಕ್ಕ ಜಾಗ ಸಿಗಲ್ರಿ ಬಾಯೀ” ಅಂದಳು. ದಾರಿ ಯಾವುದು ಅನ್ನುವುದನ್ನು ಹೀಗೆ ಹೆಗಲ ಮೇಲಿನ ಹೊರೆಯೇ ಎಷ್ಟೋ ಸಲ ನಿರ್ಧರಿಸುತ್ತದೆ.

ಈ ಹಳಿ ನಿಜಾಮರ ಕಾಲದ್ದು, 1930ರ ಸುಮಾರಿನದು. ವಿಕಾರಾಬಾದಿನಿಂದ ಬೀದರ, ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿಯತ್ತ ಹೋಗುತ್ತದೆ. ಹಾಕಿದಾಗ ಉದಗೀರ ಬೀದರ ಜಿಲ್ಲೆಯದೇ ತಾಲ್ಲೂಕು. 1956ರಲ್ಲಿ ರಾಜ್ಯಗಳ ಗೆರೆ ಬದಲಾದಾಗ ಉದಗೀರ, ನಿಲಂಗಾ, ಅಹಮದಪುರ ಆಚೆ ಉಸ್ಮಾನಾಬಾದಿಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಗೆರೆ ಬಿದ್ದರೂ ಹಳಿ ಸರಿಯಲಿಲ್ಲ, ಬೀಗತನವೂ ಸರಿಯಲಿಲ್ಲ. ನಮ್ಮ ಮದುವೆಯ ಅರ್ಧ ಜನ ಆ ಕಡೆಯವರೇ.

23 ಏಪ್ರಿಲ್, ಬುಧವಾರ

ವೈನಿಯ ಜೊತೆ ಉದಗೀರಿಗೆ ಜವಳಿ ತರಲು ಹೋಗಿದ್ದೆ. ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಬೀದರ ಅದರ ಎರಡು ಪಟ್ಟಿಗೂ ದೂರ. ಆದರೆ ಬೀದರಿಗೆ ಹೋದರೆ ನಮಗೆ ಶೂನ್ಯ ಟಿಕೆಟ್. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಉದಗೀರಿನ ಬಸ್ಸು ಅಂತರರಾಜ್ಯದ್ದು, ಅದಕ್ಕೆ ಶಕ್ತಿ ಇಲ್ಲ. ಆ ಕಡೆಯ ಎಸ್‌ಟಿ ಬಸ್ಸಿನಲ್ಲಿ ಅವರ ರಾಜ್ಯದೊಳಗೆ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್, 75 ದಾಟಿದ ಅಲ್ಲಿನವರಿಗೆ ಪೂರ್ತಿ ಮಾಫಿ. ಲಾತೂರಿನ ನಮ್ಮ ಸೋದರತ್ತೆ ಉದಗೀರಿನ ತನಕ ಒಂದು ಪೈಸೆ ಕೊಡದೆ ಬರುತ್ತಾಳೆ. ನಂತರದ ತುಂಡಿಗೆ ಮಾತ್ರ ಬಟುವಾ ಬಿಚ್ಚಬೇಕು.

ನಾನು ಶಕ್ತಿ ಯೋಜನೆಯನ್ನು ಮನಸಾರೆ ಮೆಚ್ಚಿದವಳು. ನಮ್ಮ ಓಣಿಯ ಹೆಣ್ಣುಮಕ್ಕಳು ಗಂಡನ ಮುಂದೆ ಕೈಚಾಚದೆ ಬೀದರಿನ ದವಾಖಾನೆಗೆ, ತವರಿಗೆ ಹೋಗಿ ಬರುವುದನ್ನು ದಿನಾ ಕಾಣುತ್ತೇನೆ. ಆ ಕಾರಣಕ್ಕೇ ಕೇಳುತ್ತೇನೆ: ಗಡಿಯ ಊರುಗಳಿಗೆ ಹತ್ತಿರದ ಪೇಟೆ ಇರುವುದು ಗಡಿಯಾಚೆ. ಎರಡೂ ಸರ್ಕಾರಗಳು ಕೂತು ಮಾತಾಡಿ, ಗಡಿಯಿಂದ ಇಂತಿಷ್ಟು ಕಿಲೋಮೀಟರಿನ ತನಕ ಒಬ್ಬರ ರಿಯಾಯಿತಿ ಇನ್ನೊಬ್ಬರ ಬಸ್ಸಿನಲ್ಲೂ ನಡೆಯುವಂತೆ ಮಾಡಲಾಗದೇ?

26 ಏಪ್ರಿಲ್, ಶನಿವಾರ

ಅಣ್ಣನ ಮಗ ಜರ್ಮನಿಯಿಂದ ಬಂದು ಮುಟ್ಟಿದ. ಅವನಿರುವುದು ಎರ್ಲಾಂಗೆನ್ ಎಂಬ ಊರಿನಲ್ಲಿ. ದೊಡ್ಡ ಊರೇನಲ್ಲ, ಜನಸಂಖ್ಯೆ ಬೀದರ ನಗರದ ಅರ್ಧದಷ್ಟು. ಅಲ್ಲಿಂದ ನ್ಯೂರೆಂಬರ್ಗಿಗೆ ಲೋಕಲ್ ರೈಲು, ಅಲ್ಲಿಂದ ವೇಗದ ರೈಲಿನಲ್ಲಿ ಎರಡು ತಾಸಿನ ಮೇಲೆ ಸ್ವಲ್ಪ ಹೊತ್ತು. ಇಳಿಯುವುದು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ. ಕಳೆದ ವರ್ಷದ ಜನವರಿಯಿಂದ ಅಲ್ಲಿಂದ ಹೈದರಾಬಾದಿಗೆ ನೇರ ವಿಮಾನ ಇದೆ. ಶಂಶಾಬಾದಿನಿಂದ ಊರೊಳಗೆ ಹೋಗದೆ ಹೊರವರ್ತುಲ ರಸ್ತೆ ಹಿಡಿದು, ಪಟಾನ್‌ಚೆರು ಬಳಿ ಮುಂಬಯಿ ಹೆದ್ದಾರಿಗೆ ಸೇರಿ, ಜಹೀರಾಬಾದಿನಲ್ಲಿ ಬಲಕ್ಕೆ ಹೊರಳಿದರೆ ಬೀದರ. ಹೊರದೇಶದಿಂದ ಬರುವವರಿಗೆ ನಮ್ಮ ಜಿಲ್ಲೆಯ ಬಾಗಿಲು ಬೆಂಗಳೂರಲ್ಲ, ಹೈದರಾಬಾದು.

ಊಟಕ್ಕೆ ಕೂತಾಗ ಅವನು ಹೇಳಿದ್ದು ತಲೆಯಲ್ಲಿ ಉಳಿದಿದೆ. “ಅತ್ತೀ, ಅಲ್ಲಿ ತಿಂಗಳಿಗೆ 58 ಯೂರೋ ಕೊಟ್ಟರೆ ಇಡೀ ದೇಶದ ಲೋಕಲ್ ರೈಲು, ಟ್ರಾಮು, ಸಿಟಿ ಬಸ್ಸು ಎಲ್ಲದಕ್ಕೂ ಒಂದೇ ಟಿಕೆಟ್. ಯಾವ ರಾಜ್ಯದ ಬಸ್ಸು ಅಂತ ಯಾರೂ ಕೇಳಲ್ಲ.” ವೇಗದ ರೈಲಿಗೆ ಮಾತ್ರ ಅದು ನಡೆಯುವುದಿಲ್ಲವಂತೆ. ಆ ದೇಶದ ಹಣ ನಮ್ಮಲ್ಲಿಲ್ಲ, ನಿಜ. ಆದರೆ ರೈಲು ಬರುವ ಸಮಯಕ್ಕೆ ಬಸ್ಸು ಹೊರಡಿಸುವುದಕ್ಕೆ ಹಣಕ್ಕಿಂತ ಕಾಳಜಿಯೇ ಹೆಚ್ಚು ಬೇಕು.

28 ಏಪ್ರಿಲ್, ಸೋಮವಾರ

ಇವತ್ತು ಪಟ್ಟಿ ಮುಗಿಯಿತು. ಯಾರು, ಎಲ್ಲಿ ಇಳಿಯುತ್ತಾರೆ, ಎಷ್ಟೊತ್ತಿಗೆ, ಕೈಯಲ್ಲಿ ಎಷ್ಟು ಸಾಮಾನು, ಎದುರುಗೊಳ್ಳುವವರು ಯಾರು ಎಂದು ಮಗಳ ಹಳೆ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದೆ. ತಂಗಿಯ ಅತ್ತೆಗೆ ಭಾಲ್ಕಿ ಹಿರೇಮಠಕ್ಕೆ ನಮಸ್ಕರಿಸುವ ಆಸೆ. ಆ ಮಠದ ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ನಮ್ಮ ಕಮಲನಗರದಲ್ಲಿ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಹಾಗಾಗಿ ತಂಗಿಯವರನ್ನು ಭಾಲ್ಕಿಯಲ್ಲೇ ಇಳಿಸಿಕೊಂಡು, ಮಠಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಕ್ರೂಸರಿನಲ್ಲಿ ಕರೆತರುವುದು. ಪುಣೆಯವರು ಲಾತೂರಿನ ಮೇಲೆ ಬರುತ್ತಾರೆ. ಔರಾದಿನವರಿಗೆ ರೈಲಿಲ್ಲ, ಬಸ್ಸು, ಇಲ್ಲವೇ ಟಂಟಂ.

ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ಬೆಂಗಳೂರು-ಬೀದರ, ಫ್ರಾಂಕ್‌ಫರ್ಟ್-ಹೈದರಾಬಾದು, ಇಂಥ ದೂರದ ದಾರಿಗೆಲ್ಲ ಎರಡು ಮೂರು ಆಯ್ಕೆ ಇವೆ. ಕೈಕೊಡುವುದು ಕೊನೆಯ ಐವತ್ತು ಕಿಲೋಮೀಟರು. ದುಡ್ಡಿದ್ದವರು ಕಾರು ಹಿಡಿಯುತ್ತಾರೆ. ಇಲ್ಲದವರು ಸಂಜೆಯ ವಸ್ತಿ ಬಸ್ಸು ತಪ್ಪಿದರೆ ನಿಲ್ದಾಣದಲ್ಲೇ ರಾತ್ರಿ ಕಳೆಯಬೇಕು. ಒಂಟಿ ಹೆಣ್ಣುಮಗಳಾದರೆ ಅವಳು ಹೊರಡುವ ಮುನ್ನವೇ ಪ್ರಯಾಣ ರದ್ದಾಗುತ್ತದೆ, ಮನೆಯವರು ಕಳಿಸುವುದಿಲ್ಲ. ಬೀದರಿನ ಕಾಲೇಜಿಗೆ ಸೇರಬೇಕಾದ ನನ್ನ ವಿದ್ಯಾರ್ಥಿನಿಯರ ಓದು ಹೀಗೆ ಎಷ್ಟೋ ಸಲ ಸಂಜೆಯ ಬಸ್ಸಿನ ಮೇಲೆ ನಿಂತಿದೆ.

1 ಮೇ, ಗುರುವಾರ

ಮದುವೆ ಚೆನ್ನಾಗಿ ಆಯಿತು. ಬರಬೇಕಾದವರೆಲ್ಲ ಬಂದರು, ಅಕ್ಷತೆಯ ಹೊತ್ತಿಗೆ ಮಂಟಪ ತುಂಬಿತ್ತು. ಲಾತೂರಿನ ಅತ್ತೆಯನ್ನು ಬೆಳಗ್ಗೆ ಗಾಡಿಗೆ ಹತ್ತಿಸಿದೆವು. ಅಳಿಯನಿಗೆ ಅಲ್ಲಿಂದಲೇ ಇನ್ನೊಮ್ಮೆ ಉಪದೇಶ ಮಾಡಿದಳು.

ಮಧ್ಯಾಹ್ನ ಕೂತು ಎರಡು ಅರ್ಜಿ ಬರೆದೆ. ಒಂದು ಸಾರಿಗೆ ಘಟಕಕ್ಕೆ: ಸಂಜೆಯ ಗಾಡಿ ಭಾಲ್ಕಿಗೆ ಬಂದ ಮೇಲೆ ಕಮಲನಗರದ ಕಡೆಗೆ ಒಂದು ಬಸ್ಸು ಹೊರಡಲಿ, ಗಾಡಿ ತಡವಾದರೆ ಇಂತಿಷ್ಟು ಹೊತ್ತು ಕಾಯಲಿ. ಇನ್ನೊಂದು ರೈಲ್ವೆಗೆ: ಕಮಲನಗರ ಈಗ ತಾಲ್ಲೂಕು ಕೇಂದ್ರ, ಕಚೇರಿ ಕೆಲಸಕ್ಕೆ ಸುತ್ತಲಿನ ಹಳ್ಳಿಯವರೆಲ್ಲ ಇಲ್ಲಿಗೇ ಬರುತ್ತಾರೆ, ಇನ್ನೊಂದೆರಡು ಎಕ್ಸ್‌ಪ್ರೆಸ್ ಗಾಡಿಗೆ ಇಲ್ಲಿ ನಿಲುಗಡೆ ಕೊಡಿ. ಓಣಿಯ ಹೆಣ್ಣುಮಕ್ಕಳ ಸಹಿ ಮೊದಲು ಹಾಕಿಸುತ್ತೇನೆ. ಸಂಜೆಯ ಆ ಬಸ್ಸು ಹೆಚ್ಚು ಬೇಕಿರುವುದು ಅವರಿಗೇ. ಉತ್ತರ ಬರದಿದ್ದರೆ ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ನಾನೇ ಬೀದರಿಗೆ ಹೋಗಿ ಕೇಳುತ್ತೇನೆ.