ಹೆಬ್ಬಾಳದಲ್ಲಿ ಎಂಟು ಸೆಕೆಂಡು

ರಾತ್ರಿಯ ರಸ್ತೆಯಲ್ಲಿ ದೀಪದ ಗೆರೆಗಳ ಫೋಟೊ ತೆಗೆಯಬೇಕೆಂದರೆ ಕ್ಯಾಮೆರಾ ಅಲ್ಲಾಡಬಾರದು, ವಾಹನಗಳು ಅಲ್ಲಾಡಬೇಕು. ಮೊದಲನೆಯದಕ್ಕೆ ಟ್ರೈಪಾಡ್ ಅಂತ ಒಂದು ಸಲಕರಣೆ ಇದೆ. ಎರಡನೆಯದಕ್ಕೆ ಹೆಬ್ಬಾಳದಲ್ಲಿ ಯಾವ ಸಲಕರಣೆಯೂ ಇಲ್ಲ. ಸಂಜೆ ಏಳರ ಹೊತ್ತಿಗೆ ಸ್ಕೈವಾಕ್ ಮೇಲೆ ನಿಂತು, ಐಎಸ್‌ಒ 100, ಅಪರ್ಚರ್ ಎಫ್ 16, ಶಟರ್ ಎಂಟು ಸೆಕೆಂಡು ಅಂತಿಟ್ಟು ಗುಂಡಿ ಒತ್ತಿದರೆ, ಶಾಸ್ತ್ರದ ಪ್ರಕಾರ ಕಾರುಗಳೆಲ್ಲ ಮಾಯವಾಗಿ ಹೋಗುವವರ ದೀಪ ಕೆಂಪು ಗೆರೆಯಾಗಿ, ಬರುವವರ ದೀಪ ಬಿಳಿ ಗೆರೆಯಾಗಿ ಉಳಿಯಬೇಕು. ನನ್ನ ಚಿತ್ರದಲ್ಲಿ ಉಳಿದದ್ದು ಕಾರುಗಳೇ. ಕ್ಯಾಬಿನ ನಂಬರು, ಟಿಪ್ಪರಿನ ಹಿಂದೆ ಬರೆಸಿದ್ದ 'ತಾಯಿಯ ಆಶೀರ್ವಾದ', ಬಿಎಂಟಿಸಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವನ ಬಿಟ್ಟ ಬಾಯಿ, ಎಲ್ಲ ಓದುವಷ್ಟು ಸ್ಪಷ್ಟ. ಸಂದಿಯಲ್ಲಿ ನುಸುಳಿದ ಬೈಕುಗಳು ಮಾತ್ರ ಗೆರೆಯಾಗಿದ್ದವು, ಅದೂ ಡೊಂಕುಡೊಂಕಾಗಿ.

1838ರಲ್ಲಿ ಲೂಯಿ ದಾಗೆರ್ ಪ್ಯಾರಿಸಿನ ತನ್ನ ಮನೆಯ ಕಿಟಕಿಯಿಂದ ಕೆಳಗಿನ ದೊಡ್ಡ ಬೀದಿಯ ಚಿತ್ರ ತೆಗೆದ. ಆಗಿನ ಬೆಳ್ಳಿಯ ತಗಡಿಗೆ ಬೆಳಕು ಹಿಡಿಯಲು ಕೆಲವು ನಿಮಿಷಗಳೇ ಬೇಕಿತ್ತು. ಅಷ್ಟರಲ್ಲಿ ಓಡಾಡಿದ ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ ಬೀದಿ ಬಿಕೋ ಎನ್ನುವಂತಾಯಿತು. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದು ಕಾಲೆತ್ತಿ ನಿಂತಿದ್ದ ಒಬ್ಬ ಉಳಿದ. ಫೋಟೊದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯರಲ್ಲಿ ಅವನೂ ಒಬ್ಬನೆಂದು ಇತಿಹಾಸದ ಪುಸ್ತಕಗಳು ಅವನನ್ನು ಬಹಳ ಗೌರವದಿಂದ ಕಾಣುತ್ತವೆ. ದಾಗೆರ್ ಮಹಾಶಯ ಪ್ಯಾರಿಸ್ ಬಿಟ್ಟು ಹೆಬ್ಬಾಳದಲ್ಲಿ ಮನೆ ಮಾಡಿದ್ದರೆ ಆ ಗೌರವ ಸಾವಿರಾರು ಜನಕ್ಕೆ ಹಂಚಿಹೋಗುತ್ತಿತ್ತು.

ಇಲ್ಲಿ ಫ್ಲೈಓವರ್ ಬಂದದ್ದು 2003ರಲ್ಲಿ. ಇನ್ನು ಹೆಬ್ಬಾಳದ ಕಷ್ಟ ಕಳೆಯಿತು ಅಂತ ಸುತ್ತಲಿನವರೆಲ್ಲ ನೆಮ್ಮದಿಯಿಂದಿದ್ದೆವು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಅದರ ಹಿಂದೆಯೇ ಇಡೀ ಬೆಂಗಳೂರು ಸೂಟ್‌ಕೇಸ್ ಹಿಡಿದು ನಮ್ಮ ಮುಂದೆ ಸಾಲುಗಟ್ಟಿತು. ಯಲಹಂಕದಿಂದ ಇಳಿಯುವವರು, ಕೆ.ಆರ್. ಪುರದಿಂದ ಬರುವವರು, ಯಶವಂತಪುರದ ಕಡೆಯಿಂದ ರಿಂಗ್ ರಸ್ತೆ ಹಿಡಿದವರು, ಮೇಖ್ರಿ ಸರ್ಕಲ್ಲಿನಿಂದ ಏರುವವರು, ಎಲ್ಲರಿಗೂ ಇದೇ ಗಂಟು. 2025ರ ಆಗಸ್ಟ್‌ನಲ್ಲಿ ಹೊಸ ಲೂಪ್ ಒಂದನ್ನು ತೆರೆದರು. ಅದರಿಂದ ಜನಕ್ಕೆಷ್ಟು ಅನುಕೂಲವಾಯಿತೋ ಬೇರೆಯವರು ಹೇಳಲಿ. ನನಗಂತೂ ಚೌಕಟ್ಟಿನೊಳಗೆ ಒಂದು ಒಳ್ಳೆಯ ತಿರುವು ಸಿಕ್ಕಿತು.

ಹಾಗಾಗಿ ರಾತ್ರಿ ಹನ್ನೊಂದು ದಾಟಿದ ಮೇಲೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಆ ಹೊತ್ತಿಗೆ ಏರ್‌ಪೋರ್ಟ್ ರಸ್ತೆ ನಿಜಕ್ಕೂ ರಸ್ತೆಯಾಗುತ್ತದೆ. ವಾಯುವಜ್ರ ಬಸ್ಸು ಹೋದರೆ ಒಳಗಿನ ದೀಪವೆಲ್ಲ ಸೇರಿ ಆಳೆತ್ತರದಲ್ಲಿ ನೀಲಿ-ಬಿಳಿ ಪಟ್ಟಿ ಬೀಳುತ್ತದೆ. ಆಂಬುಲೆನ್ಸ್ ಹೋದರೆ ಗೆರೆಯಲ್ಲ, ನೀಲಿ ಚುಕ್ಕಿಗಳ ಸಾಲು. ಲಾರಿಯೇನಾದರೂ ಕೆಳಗೆ ಹಾದರೆ ಸ್ಕೈವಾಕೇ ನಡುಗಿ, ಹಾಕಿದ ಗೆರೆಗಳೆಲ್ಲ ಇಸಿಜಿ ತೆಗೆದಂತೆ ಏರಿಳಿಯುತ್ತವೆ. ಮೊದಮೊದಲು ಅಂಥವನ್ನು ಅಳಿಸುತ್ತಿದ್ದೆ. ಆಮೇಲೆ ಅವೇ ಇಷ್ಟವಾಗತೊಡಗಿದವು.

ಒಂದು ರಾತ್ರಿ ಸಂಚಾರ ಪೊಲೀಸರೊಬ್ಬರು ಮೆಟ್ಟಿಲು ಹತ್ತಿ ಬಂದರು. "ಏನ್ ಸಾರ್ ಇದು, ಸರ್ವೇನಾ?" ಅಂದರು. ಇಲ್ಲ, ಹವ್ಯಾಸ ಅಂತ ಕ್ಯಾಮೆರಾದ ಹಿಂಬದಿಯ ಪರದೆ ತೋರಿಸಿದೆ. ಅವರು ಟೋಪಿ ತೆಗೆದು ಬಗ್ಗಿ ಬಹಳ ಹೊತ್ತು ನೋಡಿದರು. "ಇದ್ರಲ್ಲಿ ನಂಬರ್ ಪ್ಲೇಟೇ ಕಾಣಲ್ವಲ್ಲ ಸಾರ್" ಎಂದು ಮರುಗಿದರು. ಅವರ ದೃಷ್ಟಿಯಿಂದ ನ್ಯಾಯವಾದ ಮಾತೇ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಅವರ ಇಲಾಖೆ ಹೂಡಿದ ಕ್ಯಾಮೆರಾಗಳಿಗೆ ಬೇಕಾದದ್ದು ಓಡುವ ಗಾಡಿಯ ಒಂದು ಕ್ಷಣ, ಅದರೊಳಗೆ ಹೆಲ್ಮೆಟ್ಟಿಲ್ಲದ ಒಂದು ತಲೆ, ತಲೆಯ ಕೆಳಗೊಂದು ನಂಬರು. ಯಾರು ಹೋದರು ಎಂಬುದು ಅವಕ್ಕೆ ಮುಖ್ಯ. ನನ್ನದರಲ್ಲಿ ಯಾರು ಎಂಬುದು ಪೂರ್ತಿ ಅಳಿಸಿ, ಎತ್ತ ಹೋದರು ಎಂಬುದಷ್ಟೇ ಉಳಿಯುತ್ತದೆ. ನನ್ನ ಚಿತ್ರಕ್ಕೆ ಯಾರೂ ದಂಡ ಕಟ್ಟಬೇಕಾಗಿಲ್ಲ ಅಂದೆ. ಅವರು ನಕ್ಕರು, ಆದರೆ ಹೋಗುವಾಗ ಕ್ಯಾಮೆರಾ ಕಂಪನಿಯ ಹೆಸರು ಕೇಳಿಕೊಂಡು ಹೋದರು.

ನನ್ನ ಸೋದರಮಾವನಿಗೆ ಯಶವಂತಪುರದಲ್ಲಿ ಫೋಟೊ ಸ್ಟುಡಿಯೊ ಇತ್ತು. ಮದುವೆ ಗೊತ್ತಾಗಬೇಕಾದ ಹುಡುಗಿಯರು, ಕಾರ್ಖಾನೆಗೆ ಅರ್ಜಿ ಹಾಕುವ ಹುಡುಗರು, ಎಸ್ಸೆಸ್ಸೆಲ್ಸಿ ಮಕ್ಕಳು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಎರಡು ಬದಿಯ ದೊಡ್ಡ ಬಲ್ಬುಗಳ ಝಳಕ್ಕೆ ಹಾಕಿಕೊಂಡ ಪೌಡರು ಕರಗುತ್ತಿತ್ತು. ಮಾವ ಕರಿ ಬಟ್ಟೆಯ ಆಚೆಯಿಂದ ಹೇಳುವುದು ಮೂರೇ ಮಾತು: "ಗದ್ದ ಕೆಳಗೆ. ಕಣ್ಣು ಇಲ್ಲಿ. ಅಲ್ಲಾಡಬೇಡಿ." ಹತ್ತೊಂಬತ್ತನೆಯ ಶತಮಾನದ ಸ್ಟುಡಿಯೊಗಳಲ್ಲಿ ಗಿರಾಕಿಯ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಇಕ್ಕಳ ಕೊಡುತ್ತಿದ್ದರಂತೆ. ಮಾವನಿಗೆ ಅದರ ಅಗತ್ಯ ಬೀಳಲಿಲ್ಲ, ಧ್ವನಿಯೇ ಸಾಕಾಗಿತ್ತು. ರಜೆಯಲ್ಲಿ ನಾನಲ್ಲಿ ತಟ್ಟೆ ತೊಳೆಯುವ, ಪ್ರಿಂಟು ಒಣಹಾಕುವ ಕೆಲಸಕ್ಕಿದ್ದೆ. ಸಂಬಳ ದಿನಕ್ಕೊಂದು ಮಸಾಲೆದೋಸೆ.

ಅಲ್ಲಿ ಕೆಲಸ ಮುಗಿದರೆ ನಮ್ಮ ಸವಾರಿ ರೈಲ್ವೆ ಸ್ಟೇಷನ್ನಿನ ತುದಿಗೆ. ಆಗಿನ್ನೂ ಮೀಟರ್‌ಗೇಜಿನ ಕಾಲ. ಕತ್ತಲಾದ ಮೇಲೆ ಸಿಗ್ನಲ್ಲಿನ ಕೈ ಕಾಣುತ್ತಿರಲಿಲ್ಲ, ಅದರ ಕೆಂಪು ಗಾಜಿನ ಹಿಂದಿನ ದೀಪವಷ್ಟೇ. ತಂತಿ ಎಳೆದ ಸದ್ದಾಗಿ, ಕೈ ವಾಲಿ, ಕೆಂಪಿನ ಜಾಗಕ್ಕೆ ಹಸಿರು ಗಾಜು ಬಂದು ಕೂರುವುದನ್ನು ನೋಡಲು ನಾವು ಅರ್ಧ ಗಂಟೆ ಕಾಯುತ್ತಿದ್ದೆವು. ರಸ್ತೆಯ ಸಿಗ್ನಲ್ಲೂ ಹುಟ್ಟಿದ್ದು ಅದೇ ಹೊಟ್ಟೆಯಿಂದ ಅಂತ ಆಗ ಗೊತ್ತಿರಲಿಲ್ಲ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಹತ್ತಿರ ಜಗತ್ತಿನ ಮೊದಲ ಟ್ರಾಫಿಕ್ ಸಿಗ್ನಲ್ ನಿಲ್ಲಿಸಿದವನು ಜೆ.ಪಿ. ನೈಟ್, ರೈಲ್ವೆ ಸಿಗ್ನಲ್ಲಿನ ಇಂಜಿನಿಯರ್. ಹಗಲಿಗೆ ಕೈಗಳು, ರಾತ್ರಿಗೆ ಕೆಂಪು ಹಸಿರು ಗ್ಯಾಸ್ ದೀಪ, ತಿರುಗಿಸಲು ಕೆಳಗೊಬ್ಬ ಪೇದೆ. ಒಂದು ತಿಂಗಳಾಗುವುದರೊಳಗೆ ಗ್ಯಾಸ್ ಸೋರಿ ಸಿಡಿದು ಪೇದೆಯ ಮೈ ಸುಟ್ಟಿತು. ಆ ಮೇಲೆ ಜಗತ್ತು ಬಹಳ ವರ್ಷ ಆ ತಂಟೆಗೆ ಹೋಗಲಿಲ್ಲ. ವಿದ್ಯುತ್ತಿನ ಸಿಗ್ನಲ್ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ 1914ರ ಆಗಸ್ಟ್ 5ರಂದು ಶುರುವಾಯಿತು. ಇದೇ ಆಗಸ್ಟ್ 5ಕ್ಕೆ, ಅದಕ್ಕೂ ಒಂಬತ್ತು ವರ್ಷ ಮೊದಲೇ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಹೊತ್ತಿದ್ದವು. ಬೆಳಕು ನಮಗೆ ಬೇಗ ಬಂತು. ನಿಲ್ಲು ಎನ್ನುವ ದೀಪ ಮಾತ್ರ ಕಾರ್ಪೊರೇಷನ್ ಎದುರಿನ ಎನ್.ಆರ್. ಚೌಕಕ್ಕೆ 1963ರವರೆಗೂ ಬರಲಿಲ್ಲ.

ಈಗ ನನ್ನ ನಿಜವಾದ ಚಟಕ್ಕೆ ಬರುತ್ತೇನೆ. ಟ್ರೈಪಾಡನ್ನು ಮನೆಯಲ್ಲೇ ಬಿಟ್ಟು, ಆರ್.ಟಿ. ನಗರದ ಮುಖ್ಯರಸ್ತೆಯ ಯಾವುದಾದರೂ ಸಿಗ್ನಲ್ ಹತ್ತಿರ ಬೇಕರಿ ಮುಂದೆ ನಿಂತು, ಶಟರ್ ತೆರೆದಿರುವ ಒಂದು ಸೆಕೆಂಡು ಬೇಕೆಂದೇ ಕ್ಯಾಮೆರಾ ಅಲ್ಲಾಡಿಸುವುದು. ಅಡ್ಡ, ಉದ್ದ, ಸುತ್ತು, ಕೆಲವೊಮ್ಮೆ ಸಹಿ ಹಾಕಿದಂತೆ. ಆಗ ಕಂಬ, ಅಂಗಡಿ, ಜನ ಎಲ್ಲ ಕಪ್ಪಿನಲ್ಲಿ ಮುಳುಗಿ ದೀಪಗಳಷ್ಟೇ ಕೈಬರಹವಾಗುತ್ತವೆ. ಸುಮ್ಮನೆ ಗೀಚಿದ ಹಾಗೆ ಕಂಡರೂ ದೊಡ್ಡದು ಮಾಡಿ ನೋಡಿದರೆ ಅದರೊಳಗೊಂದು ಲೆಕ್ಕವಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಪ್ರತಿ ಆವರ್ತದಲ್ಲಿ ಎರಡು ಸಲ ಏರಿ ಇಳಿಯುವುದರಿಂದ ಎಷ್ಟೋ ಬೀದಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗದು ಗೊತ್ತಾಗುವುದಿಲ್ಲ. ಕ್ಯಾಮೆರಾ ಬೀಸಿದರೆ ಒಂದೇ ಗೆರೆ ಅಂದುಕೊಂಡದ್ದು ಬಿಡಿಬಿಡಿಯಾದ ಚುಕ್ಕಿಗಳಾಗಿ ಬೀಳುತ್ತದೆ. ಚುಕ್ಕಿ ಎಣಿಸಿದರೆ ನನ್ನ ಕೈ ಎಷ್ಟು ಹೊತ್ತು ಓಡಿತು ಅಂತ ಹೇಳಬಹುದು. ಹಳೆಯ ಆಟೊಗಳ ಬಲ್ಬಿನ ಗೆರೆ ಮಾತ್ರ ಎಲ್ಲೂ ಕಡಿಯದೆ ನುಣ್ಣಗೆ ಹೋಗುತ್ತದೆ, ಬ್ಯಾಟರಿಯದಾದ್ದರಿಂದ.

ಹೊಸ ಕಾರುಗಳದ್ದು ಇನ್ನೂ ಸೊಗಸು. ಹಲವು ಕಾರುಗಳ ಹಿಂದಿನ ಎಲ್‌ಇಡಿ ದೀಪವನ್ನು ಮಂದ ಮಾಡುವುದು ಬೇಗ ಬೇಗ ಹೊತ್ತಿಸಿ ಆರಿಸಿ. ಬ್ರೇಕ್ ಒತ್ತಿದಾಗ ಅದು ಬಿಡದೆ ಪೂರ್ತಿ ಉರಿಯುತ್ತದೆ. ಹಾಗಾಗಿ ಬೀಸಿದ ಚಿತ್ರದಲ್ಲಿ ಚುಕ್ಕಿಚುಕ್ಕಿಯಾಗಿ ಬರುತ್ತಿದ್ದ ಕೆಂಪು ಒಂದು ಕಡೆ ಇದ್ದಕ್ಕಿದ್ದಂತೆ ದಪ್ಪ ಗೆರೆಯಾಗಿಬಿಡುತ್ತದೆ. ಡ್ರೈವರಿನ ಕಾಲು ಬ್ರೇಕಿನ ಮೇಲೆ ಬಿದ್ದ ಕ್ಷಣ ಅದು. ಎದುರಿಗೆ ನಾಯಿ ಬಂದಿತ್ತೋ, ಪಾನಿಪುರಿ ಗಾಡಿ ಕಂಡಿತ್ತೋ, ಅದು ಚಿತ್ರದಲ್ಲಿಲ್ಲ. ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1914ರ ಆಸುಪಾಸಿನಲ್ಲಿ ಕಾರ್ಮಿಕರ ಬೆರಳಿಗೆ ಪುಟ್ಟ ಬಲ್ಬು ಕಟ್ಟಿ, ಅದು ಮಿನುಗುವಂತೆ ಮಾಡಿ, ಶಟರ್ ತೆರೆದಿಟ್ಟು ಕೈಚಲನೆಯ ಚುಕ್ಕಿಗೆರೆ ಹಿಡಿಯುತ್ತಿದ್ದರು. ಕೆಲಸದಲ್ಲಿ ಎಲ್ಲಿ ಹೊತ್ತು ಪೋಲಾಗುತ್ತಿದೆ ಅಂತ ಕಂಡುಹಿಡಿಯುವುದು ಅವರ ಉದ್ದೇಶ. ನನ್ನ ಹೆಂಡತಿಯ ಪ್ರಕಾರ ನಮ್ಮ ಮನೆಯಲ್ಲಿ ಅದನ್ನು ಕಂಡುಹಿಡಿಯಲು ಕ್ಯಾಮೆರಾ ಬೇಕಾಗಿಲ್ಲ.

ಬೆಂಗಳೂರಿನ ಛಾಯಾಗ್ರಹಣಕ್ಕೆ ದೊಡ್ಡ ಹೆಸರಿದೆ. ಡಾ. ಜಿ. ಥಾಮಸ್ ಮುಂದೆ ನಿಂತು 1953ರಲ್ಲಿ ಇಡೀ ದೇಶದ ಫೋಟೊಗ್ರಾಫರುಗಳ ಒಕ್ಕೂಟವನ್ನು ಕಟ್ಟಿದ್ದು ಇಲ್ಲಿ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಕಾಡು ಹಕ್ಕಿಗಳ ಮುಂದೆ ತಪಸ್ಸು ಕೂತವರು. ಆ ಪರಂಪರೆಯವರು ಈಗಲೂ ಬೆಳಿಗ್ಗೆ ಹೆಬ್ಬಾಳ ಕೆರೆಯ ದಂಡೆಯಲ್ಲಿ ಮೊಳದುದ್ದದ ಲೆನ್ಸ್ ಹಿಡಿದು ಸಿಗುತ್ತಾರೆ. ಹೆಜ್ಜಾರ್ಲೆಯ ರೆಕ್ಕೆಯಿಂದ ಬೀಳುವ ನೀರಹನಿ ಸೆಕೆಂಡಿನ ಎರಡು ಸಾವಿರದ ಒಂದು ಭಾಗದಲ್ಲಿ ಗಾಳಿಯಲ್ಲೇ ನಿಲ್ಲಬೇಕು, ಹಕ್ಕಿಯ ಕಣ್ಣಿನಲ್ಲಿ ಹೊಳಪು ಇರಬೇಕು ಅನ್ನುವ ಜನ. ನಾನು ಚಿತ್ರ ತೋರಿಸಿದರೆ ಬಹಳ ಮರ್ಯಾದೆಯಿಂದ "ಚೆನ್ನಾಗಿದೆ, ಬಣ್ಣ" ಅನ್ನುತ್ತಾರೆ. ಅವರನ್ನು ದೂರುವಂತಿಲ್ಲ. ಫೋಟೊಗ್ರಫಿಯ ಮೊದಲ ಕಾಲದವರಿಗೆ ನಿಧಾನ ಬೇಡವಾದರೂ ಹೆಗಲೇರಿತ್ತು. ಅದನ್ನು ಕೊಡವಿಕೊಳ್ಳಲು ನೂರು ವರ್ಷ ರಸಾಯನ, ಗಾಜು, ಯಂತ್ರ ಎಲ್ಲ ದುಡಿದವು. ನಾನೀಗ ಬೆಳಕು ಕಡಿಮೆ ಮಾಡಿ ನಿಧಾನ ತರಿಸುವ ಕಪ್ಪು ಗಾಜಿನ ಫಿಲ್ಟರಿಗೆ ಸಾವಿರಗಟ್ಟಲೆ ಸುರಿಯುತ್ತಿದ್ದೇನೆ.

ಮಾವನಿಗೆ ಈಗ ಎಂಬತ್ತು ದಾಟಿದೆ, ಸ್ಟುಡಿಯೊದ ಜಾಗದಲ್ಲಿ ಮೊಬೈಲ್ ಅಂಗಡಿ. ಪ್ರಿಂಟುಗಳನ್ನು ಒಯ್ದು ಕೈಗೆ ಕೊಟ್ಟೆ. ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು ನೋಡಿದರು.

"ಕೈ ನಡುಗಿದೆಯಲ್ಲೋ. ಬಿ.ಪಿ. ನೋಡಿಸ್ಕೊಂಡ್ಯಾ?"

"ಇಲ್ಲ ಮಾವ, ಬೇಕೂಂತಲೇ ಅಲ್ಲಾಡಿಸಿದ್ದು."

"ಬೇಕೂಂತ?" ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಪ್ರಿಂಟನ್ನು ಈಸಿಕೊಂಡು, ಜಿಲೇಬಿ ಹೊಯ್ದ ಹಾಗಿದೆ, ಚೆನ್ನಾಗೇ ಇದೆ ಅಂದರು. ಮಾವ ಮಾತ್ರ ಮತ್ತೆ ಮತ್ತೆ ತಿರುಗಿಸಿ ನೋಡಿ, ಕೊನೆಗೆ ಕುಶಲಕರ್ಮಿಯ ಪ್ರಶ್ನೆಯೊಂದನ್ನೇ ಕೇಳಿದರು: "ಕಪ್ಪು ಇಷ್ಟು ಗಟ್ಟಿಯಾಗಿ ಹೆಂಗೆ ಬಂತೋ?" ಅಷ್ಟು ಸಾಕಾಯಿತು ನನಗೆ.

ಅವರಿಗೂ ಹಿಡಿಸಿದ ಚಿತ್ರ ಒಂದಿದೆ. ಅದು ಸಿಗ್ನಲ್ಲಿನ ಎಣಿಕೆ ಫಲಕದ್ದು. ಒಂಬತ್ತರಿಂದ ಸೊನ್ನೆಯವರೆಗೆ ಹತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಅಂಕಿಗಳೆಲ್ಲ ಒಂದರ ಮೇಲೊಂದು ಬಿದ್ದು ಎಂಟಾಗುತ್ತವೆ. ಯಾವ ಸಿಗ್ನಲ್ಲಾದರೂ ಎಂಟೇ. ಆದರೆ ಎಂಟಿನ ಏಳು ಕಡ್ಡಿಗಳೂ ಒಂದೇ ಸಮ ಬೆಳಗುವುದಿಲ್ಲ. ಬಲಗಡೆಯ ಕೆಳಗಿನ ಕಡ್ಡಿ ಎರಡು ಬಿಟ್ಟು ಉಳಿದೆಲ್ಲ ಅಂಕಿಗೂ ಬೇಕು, ಅದು ನಿಗಿನಿಗಿ. ಎಡಗಡೆಯ ಕೆಳಗಿನದು ಸೊನ್ನೆ, ಎರಡು, ಆರು, ಎಂಟಕ್ಕೆ ಮಾತ್ರ ಬೇಕು, ಅದು ಮಂಕು. ಈ ಚಿತ್ರಕ್ಕೂ ಈಗ ಕಾಲ ಮುಗಿಯುತ್ತಿದೆ. ವಾಹನದ ದಟ್ಟಣೆ ನೋಡಿ ತಾನೇ ಹೊತ್ತು ತೀರ್ಮಾನಿಸುವ ಸಿಗ್ನಲ್ಲುಗಳು ಬಂದ ಮೇಲೆ, ಎಷ್ಟು ಸೆಕೆಂಡು ಅಂತ ಸಿಗ್ನಲ್ಲಿಗೇ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ, ಹಲವು ಕಡೆ ಎಣಿಕೆ ಆರಿಹೋಗಿದೆ.

ಇತ್ತೀಚೆಗೆ ನಾನು ಕಪ್ಪು ಗಾಜು ಹಾಕಿ ಒಂದು ಸಿಗ್ನಲ್ಲಿನ ಇಡೀ ಸುತ್ತನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತಿದ್ದೇನೆ. ಮೂರೂ ದೀಪ ಒಟ್ಟಿಗೆ ಉರಿಯುತ್ತವೆ. ಕಾಯಿಸಿದ್ದಕ್ಕೆ ತಕ್ಕಂತೆ ಕೆಂಪು ಊದಿಕೊಂಡಿರುತ್ತದೆ, ಹಸಿರು ಅದಕ್ಕಿಂತ ಸಣ್ಣದು, ಹಳದಿ ಇದೆಯೋ ಇಲ್ಲವೋ ಅನ್ನುವಷ್ಟು. 2022ರಲ್ಲಿ ಕೆಲವು ಜಂಕ್ಷನ್‌ಗಳಲ್ಲಿ ಹೃದಯದ ಆರೋಗ್ಯದ ಪ್ರಚಾರಕ್ಕಾಗಿ ಕೆಂಪು ದೀಪವನ್ನು ಹೃದಯದ ಆಕಾರಕ್ಕೆ ಬದಲಿಸಿದ್ದರಲ್ಲ, ಈ ಆಟ ಆಗ ಹೊಳೆದಿದ್ದರೆ ಆ ಹೃದಯವೂ ಊದಿ ದುಂಡಗಾಗುತ್ತಿತ್ತು.

ಯಲಹಂಕದ ಕೋಗಿಲು ಕ್ರಾಸಿನಲ್ಲಿ ಹೀಗೆ ಒಂದು ಚಿತ್ರ ಮುಗಿಸುವ ಹೊತ್ತಿಗೆ ಪಕ್ಕದಲ್ಲಿ ಆಟೊ ನಿಲ್ಲಿಸಿಕೊಂಡಿದ್ದ ಡ್ರೈವರು ಕತ್ತು ಚಾಚಿ ಪರದೆ ನೋಡಿದ.

"ಮೂರೂ ಉರೀತಾ ಇದೆಯಲ್ಲ ಸಾರ್?"

"ಎರಡು ನಿಮಿಷ ಬಿಡದೆ ನೋಡಿದ್ರೆ ಹಂಗೇ ಕಾಣೋದು" ಅಂದೆ.

"ನಂಗೆ ಮೊದ್ಲಿಂದಾನೂ ಹಂಗೇ ಕಾಣೋದು. ಬೇಕಾದ್ದು ಒಂದು ನೋಡ್ಕೊಂಡು ಹೋಗ್ತಾ ಇರ್ತೀನಿ" ಎನ್ನುತ್ತ ಗೇರ್ ಹಾಕಿದ. ಕೆಂಪು ಇನ್ನೂ ಹೋಗಿರಲಿಲ್ಲ.