ತಿರುಗಾಟಕ್ಕೆ ಮುನ್ನ

ನವೆಂಬರ್ ಸಮೀಪಿಸಿತೆಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸು ರಾಜ್ಯೋತ್ಸವದ ಕಡೆಗೆ ಹರಿಯುತ್ತದೆ. ಕುಂದಾಪುರದ ಕಡೆಯವಳಾದ ನನಗೆ ಆ ತಿಂಗಳು ಇನ್ನೊಂದನ್ನೂ ನೆನಪಿಸುತ್ತದೆ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುವ ಕಾಲವದು. ಕಳೆದ ವರ್ಷದಿಂದ ಇವೆರಡರ ಜೊತೆಗೆ ಮೂರನೆಯದೊಂದು ಸೇರಿಕೊಂಡಿದೆ. ಈ ದೇಶದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಆರಂಭವಾಗುವುದೂ ನವೆಂಬರಿನ ಮೊದಲ ದಿನಗಳಲ್ಲಿಯೇ. ನನ್ನ ಮಗಳು ಸ್ಯಾನ್ ಹೋಸೆಯ ಆಸುಪಾಸಿನ ಒಂದು ಕಮ್ಯುನಿಟಿ ಕಾಲೇಜಿನ ತಂಡದಲ್ಲಿ ಆಡುತ್ತಾಳೆ. ಆಡುತ್ತಾಳೆ ಎನ್ನುವುದಕ್ಕಿಂತ ತಂಡದಲ್ಲಿದ್ದಾಳೆ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ. ಹೋದ ವರ್ಷ ಅವಳು ಅಂಕಣದಲ್ಲಿ ಕಳೆದ ನಿಮಿಷಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು.

ಜೂನ್ ತಿಂಗಳಲ್ಲಿ ತಂಡದ ಕೋಚ್ ಪೋಷಕರನ್ನೆಲ್ಲ ಕರೆದು ಒಂದು ಸಂಜೆ ಮಾತನಾಡಿದರು. ಗೆಲುವು ಸೋಲುಗಳ ಪ್ರಸ್ತಾಪ ಬಹಳ ಕಡಿಮೆಯಿತ್ತು. ಅವರ ಬಾಯಲ್ಲಿ ಮತ್ತೆ ಮತ್ತೆ ಬಂದ ಪದ 'ಕಲ್ಚರ್'. ಪಂದ್ಯಗಳು ಶುರುವಾಗುವ ಮೊದಲು ತಂಡಕ್ಕೊಂದು ಕಲ್ಚರ್ ಕಟ್ಟಬೇಕು, ಬೇಸಿಗೆಯ ಕೆಲಸ ಅದೇ ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಆ ಪದವನ್ನು ಕನ್ನಡಕ್ಕೆ ತರಲು ಯತ್ನಿಸಿದೆ. ಸಂಸ್ಕೃತಿ ಎಂದರೆ ದೀಪ ಬೆಳಗುವ ವೇದಿಕೆ, ಪಟ್ಟೆಸೀರೆ, ಸ್ವಾಗತ ಭಾಷಣಗಳು ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಕೋಚ್ ಹೇಳುತ್ತಿದ್ದುದು ಅದನ್ನಲ್ಲ. ಅಭ್ಯಾಸ ಮುಗಿದ ಮೇಲೆ ಚೆಂಡುಗಳನ್ನು ಯಾರು ಹೆಕ್ಕಿ ಇಡುತ್ತಾರೆ, ಗೆಳತಿಯ ಕೈಯಿಂದ ಚೆಂಡು ಜಾರಿದಾಗ ಉಳಿದವರ ಮುಖ ಹೇಗಿರುತ್ತದೆ, ಬೈಸಿಕೊಂಡವಳ ಪಕ್ಕ ಯಾರು ಹೋಗಿ ಕೂರುತ್ತಾರೆ ಎಂಬಂಥ ಮಾತುಗಳನ್ನು. ನಮ್ಮೂರಿನಲ್ಲಿ ಇದಕ್ಕೆ ಒಂದು ಪದವಿದೆ: ಕ್ರಮ. 'ನಮ್ಮನೆಯಲ್ಲಿ ಹಾಗೊಂದು ಕ್ರಮ ಉಂಟು' ಎಂದು ಅಜ್ಜಿ ಹೇಳಿದರೆ ಆ ಮಾತಿಗೆ ವಿವರಣೆಯೂ ಇರುತ್ತಿರಲಿಲ್ಲ, ವಿನಾಯಿತಿಯೂ ಇರುತ್ತಿರಲಿಲ್ಲ.

ಆದರೆ ಅಜ್ಜಿಯ ಮನೆಯ ಕ್ರಮ ಕೂಡಿಬರಲು ನಾಲ್ಕು ತಲೆಮಾರು ಬೇಕಾಯಿತು. ಕಮ್ಯುನಿಟಿ ಕಾಲೇಜಿನ ತಂಡಕ್ಕಿರುವುದು ಒಂದು ಬೇಸಿಗೆ. ಇಲ್ಲಿ ಒಬ್ಬಳು ಆಡಬಹುದಾದದ್ದು ಎರಡೇ ವರ್ಷ. ಕ್ಯಾಲಿಫೋರ್ನಿಯದ ಈ ಕಾಲೇಜುಗಳು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹುಡುಗಿಯರು ಪೂರ್ಣಾವಧಿಯ ಓದಿನ ಜೊತೆಗೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಬಂದು ಆಡುತ್ತಾರೆ. ಪ್ರತಿ ವರ್ಷ ಸುಮಾರು ಅರ್ಧ ತಂಡ ಹೊರಟುಹೋಗುತ್ತದೆ. ಈ ಸಲ ಉಳಿದವರು ನಾಲ್ವರು, ಹೊಸಬರು ಒಂಬತ್ತು ಮಂದಿ. ನಾಲ್ವರು ಒಂಬತ್ತು ಮಂದಿಗೆ ತಮಗೇ ಅರ್ಧಂಬರ್ಧ ಗೊತ್ತಿರುವುದನ್ನು ಕಲಿಸಬೇಕು.

ಮೇಳಗಳ ವಿಚಾರ ನೆನಪಾದದ್ದು ಆಗಲೇ. ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳ ಬದಲಿಸುವುದು ನಮ್ಮ ಕಡೆ ಹೊಸತಲ್ಲ. ಯಾವ ಪ್ರಧಾನ ವೇಷಧಾರಿ ಯಾವ ಮೇಳಕ್ಕೆ ಹೋದರು, ಭಾಗವತರು ಯಾರ ಕಡೆ ಎಂಬ ಸುದ್ದಿಗಳು ಮಳೆಗಾಲವಿಡೀ ಚಹಾದಂಗಡಿಗಳಲ್ಲಿ ಬೇಯುತ್ತಿದ್ದವು. ಇಲ್ಲಿನ ದೊಡ್ಡ ಕಾಲೇಜುಗಳ ಆಟಗಾರ್ತಿಯರು ಈಗ ವರ್ಷ ಕಳೆದಂತೆ ವಿಶ್ವವಿದ್ಯಾಲಯ ಬದಲಿಸುವುದನ್ನು ಪತ್ರಿಕೆಗಳು ಮಹಾ ಅನಾಹುತವೆಂಬಂತೆ ಬರೆಯುವಾಗ ನನಗೆ ನಗು ಬರುತ್ತದೆ. ಹೊಸಬರು ಹಳಬರು ಕಲೆತ ಮೇಳವೂ ಮೊದಲ ದಿನ ಚೌಕಿಯಲ್ಲಿ ಗಣಪತಿಯ ಪೂಜೆ ಮಾಡಿ, ಯಾರು ಎಲ್ಲಿ ಕುಳಿತು ಬಣ್ಣ ಹಚ್ಚಬೇಕೆಂಬ ಅಲಿಖಿತ ಕ್ರಮದಂತೆ ಕುಳಿತುಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಹೊಸ ಹುಡುಗ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯುತ್ತ ಉಳಿದದ್ದನ್ನು ನೋಡಿ ಕಲಿಯುತ್ತಾನೆ. ವ್ಯಕ್ತಿಗಳು ಹೋದರೂ ಚೌಕಿ ಉಳಿಯುತ್ತದೆ. ಮಗಳ ತಂಡಕ್ಕೆ ಇಲ್ಲದಿದ್ದದ್ದು ಆ ಚೌಕಿ.

ಕೋಚ್ ಮೊದಲು ಹಿಡಿದದ್ದು ದನಿಯನ್ನು. ಎದುರಾಳಿ ಎಲ್ಲಿದ್ದಾಳೆ, ಯಾರು ಯಾರನ್ನು ತಡೆಯಬೇಕು ಎಂಬುದನ್ನು ಐವರೂ ಕ್ಷಣ ಬಿಡದೆ ಕೂಗಿ ಹೇಳುತ್ತಿರಬೇಕು; ರಕ್ಷಣೆಯ ಅರ್ಧ ಪಾಲು ಬಾಯಿಯಲ್ಲಿದೆ ಎಂಬುದು ಈ ಆಟದ ತಿಳಿವಳಿಕೆ. ಹೊಸಬಳು ಹಳಬಳಿಗೆ 'ನಿನ್ನ ಎಡಕ್ಕೆ!' ಎಂದು ಗದರಬೇಕು. ನಮ್ಮ ಮಕ್ಕಳಿಗೆ ಇದು ಸುಲಭವಲ್ಲ. ಒಂದೇ ವರ್ಷ ದೊಡ್ಡವಳಾದರೂ ಅಕ್ಕ ಎಂದು ಕರೆಯಬೇಕು, ದೊಡ್ಡವರ ನಡುವೆ ಬಾಯಿ ಹಾಕಬಾರದು ಎಂದು ನಾನೇ ಹೇಳಿ ಬೆಳೆಸಿದ್ದೇನೆ, ಈಗಲೂ ಹೇಳುತ್ತೇನೆ. ಕಳೆದ ವರ್ಷ ಮಗಳು ಅಂಕಣದಲ್ಲಿ ಮೂಕಿಯಂತಿದ್ದಳು. ಈ ಜುಲೈಯಲ್ಲಿ ಒಂದು ದಿನ ಅಭ್ಯಾಸ ನೋಡಲು ಹೋದಾಗ ವ್ಯಾಯಾಮಶಾಲೆಯ ಹೊರಗಿನಿಂದಲೇ ಅವಳ ದನಿ ಕೇಳಿಸಿತು. ಮನೆಯಲ್ಲಿ ನಾನು ಎಂದೂ ಕೇಳಿರದ ದನಿ. ಒಂದು ಗಳಿಗೆ ಹೆಮ್ಮೆಯೋ ಗಾಬರಿಯೋ ತಿಳಿಯಲಿಲ್ಲ.

ಎರಡನೆಯದು ಸಮಯ. ಅಭ್ಯಾಸ ಬೆಳಗಿನ ಆರೂವರೆಗೆ. ಒಬ್ಬಳು ತಡವಾದರೆ ಎಲ್ಲರೂ ಅಂಕಣದ ಈ ತುದಿಯಿಂದ ಆ ತುದಿಗೆ ಓಡಬೇಕು, ತಡವಾದವಳೊಬ್ಬಳನ್ನು ಬಿಟ್ಟು. ಅವಳು ನಿಂತು ನೋಡಬೇಕು. ಶಿಕ್ಷೆಯ ಮೊನೆ ಎಲ್ಲಿದೆ ಎಂಬುದು ಓದುಗರಿಗೆ ತಿಳಿಯುತ್ತದೆ.

ಆಗಸ್ಟಿನಲ್ಲಿ ಹೊಸಬಳೊಬ್ಬಳು ಎರಡು ವಾರದಲ್ಲಿ ಮೂರು ಸಲ ತಡವಾಗಿ ಬಂದಳು. ಪೂರ್ವ ಸ್ಯಾನ್ ಹೋಸೆಯ ಹುಡುಗಿ. ರಾತ್ರಿ ಅಂಗಡಿಯೊಂದನ್ನು ಮುಚ್ಚುವವರೆಗೂ ಕೆಲಸ, ಬೆಳಿಗ್ಗೆ ಎರಡು ಬಸ್ಸು. ಮೊದಲ ಬಸ್ಸು ಐದು ನಿಮಿಷ ಹಿಂದಾದರೆ ಎರಡನೆಯದು ತಪ್ಪುತ್ತದೆ. ಮೂರನೆಯ ದಿನ ಹನ್ನೆರಡು ಮಂದಿ ಓಡಿ ಏದುಸಿರು ಬಿಡುತ್ತಿರುವಾಗ ಒಬ್ಬಳು ಹೇಳಬಾರದ ಮಾತು ಹೇಳಿದಳಂತೆ. ಆ ಹುಡುಗಿ ಚೀಲ ಎತ್ತಿಕೊಂಡು ಹೊರಟುಹೋದಳು. ತಂಡ ಬಿಡುತ್ತಾಳೆಂಬ ಸುದ್ದಿ ಹಬ್ಬಿತು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಎರಡು ಪಕ್ಷಗಳಾದವು. ನಿಯಮವನ್ನು ಸಡಿಲಿಸಬೇಕೆಂದರು ಕೆಲವರು. ಒಬ್ಬಳಿಗೆ ಸಡಿಲಿಸಿದರೆ ಅದು ನಿಯಮವೇ ಅಲ್ಲ ಎಂದರು ಉಳಿದವರು. ನಾನು ಎರಡನೆಯ ಪಕ್ಷ. ಈಗಲೂ ಅದೇ ಪಕ್ಷದಲ್ಲಿದ್ದೇನೆ.

ಕೋಚ್ ನಿರ್ಧಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳದೆ ಹಳಬರಾದ ನಾಲ್ವರಿಗೆ ಒಪ್ಪಿಸಿದರು. ಮಗಳು ಎರಡು ದಿನ ಮನೆಯಲ್ಲಿ ಮಾತೇ ಆಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಆ ಹುಡುಗಿಯೂ ನನ್ನ ಮಗಳೂ ಅಂಕಣದಲ್ಲಿ ಒಂದೇ ಸ್ಥಾನಕ್ಕೆ ಆಡುವವರು. ಒಂದು ವರ್ಷ ಬೆಂಚಿನಲ್ಲಿ ಕಾದು ಕುಳಿತ ಸ್ಥಾನ ಅದು, ಅವಳ ಪಾಲಿಗೆ ಕೊನೆಯ ವರ್ಷ. ಹೊಸ ಹುಡುಗಿ ಇವಳಿಗಿಂತ ಚೆನ್ನಾಗಿ ಆಡುತ್ತಾಳೆ. ತಾಯಿಯಾದ ನನಗೂ ಅದು ಕಾಣುತ್ತದೆ.

ಮೂರನೆಯ ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಸೋಮವಾರದಿಂದ ಐದೂಕಾಲಿಗೆ ಹೊರಡಲಿಕ್ಕೆ ಆಗ್ತದಾ?" ಎಂದಳು.

"ಯಾಕೆ ಮಾರಾಯ್ತಿ ಅಷ್ಟು ಬೇಗ?"

"ಅವಳನ್ನು ಕರ್ಕೊಂಡು ಹೋಗ್ಬೇಕು. ದಾರಿ ಸ್ವಲ್ಪ ಸುತ್ತು."

ಸ್ವಲ್ಪ ಅಲ್ಲ, ಹದಿನಾಲ್ಕು ಮೈಲಿ ಸುತ್ತು. ನಾಲ್ವರೂ ಕೂತು ತೀರ್ಮಾನಿಸಿದ್ದು ಇಷ್ಟು: ನಿಯಮ ಹಾಗೇ ಇರುತ್ತದೆ, ಓಟವೂ ಇರುತ್ತದೆ; ಆದರೆ ಸ್ವಂತ ವಾಹನವಿಲ್ಲದ ಪ್ರತಿಯೊಬ್ಬಳ ಹೆಸರಿನ ಮುಂದೆ ಒಂದು ಕಾರಿನ ಹೆಸರಿರಬೇಕು. ಅವಳು ತಡವಾದರೆ ಆ ಕಾರು ತಡವಾದಂತೆ. ಮಗಳ ಕಾರಿನ ಇನ್ಶೂರೆನ್ಸ್ ನಮಗೆ ದುಬಾರಿಯೆಂದು ಅವಳ ಹೆಸರಿಗೆ ಕಾರು ಇನ್ನೂ ಇಲ್ಲ, ಹಾಗಾಗಿ ಆ ಪಟ್ಟಿಯಲ್ಲಿ ನಾನೂ ಸೇರಿಕೊಂಡೆ. ಮನೆಯವರು, "ಆಟಕ್ಕೆ ಹೋಗುವವಳು ಅವಳು, ಓಡುವವಳು ನೀನು" ಎಂದು ನಕ್ಕರು. ಆ ಹುಡುಗಿಯನ್ನು ಹತ್ತಿಸಿಕೊಳ್ಳುವ ಸರದಿಯನ್ನು ಕೇಳಿ ಪಡೆದವಳು ನನ್ನ ಮಗಳೇ ಎಂಬುದು ನನಗೆ ಬೇರೊಬ್ಬ ತಾಯಿಯಿಂದ ಆಮೇಲೆ ತಿಳಿಯಿತು.

ಇದೆಲ್ಲ ಸಣ್ಣ ಕಾಲೇಜಿನ ಸಣ್ಣ ಸಂಗತಿ ಎನ್ನಬಹುದು. ಆದರೆ ನಮ್ಮ ಪಕ್ಕದಲ್ಲೇ, ಪಾಲೋ ಆಲ್ಟೊದಲ್ಲಿ, ಇದೇ ಪ್ರಶ್ನೆ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಾಗಿದೆ. ಸ್ಟ್ಯಾನ್‌ಫರ್ಡ್ ಮಹಿಳಾ ತಂಡವನ್ನು 1985ರಲ್ಲಿ ವಹಿಸಿಕೊಂಡ ಟಾರಾ ವ್ಯಾನ್‌ಡರ್‌ವೀರ್ 2024ರ ಏಪ್ರಿಲ್‌ನಲ್ಲಿ ನಿವೃತ್ತರಾದರು. 1990, 1992, 2021ರಲ್ಲಿ ರಾಷ್ಟ್ರೀಯ ಪ್ರಶಸ್ತಿ, ಒಟ್ಟು 1,216 ಗೆಲುವು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡಕ್ಕೆ ಚಿನ್ನ. ಮಧ್ಯವಯಸ್ಸಿನಲ್ಲಿ ಪಿಯಾನೊ ಕಲಿಯಲು ಕುಳಿತವರು ಎಂಬುದಕ್ಕಾಗಿಯೂ ಅವರು ನನಗೆ ಇಷ್ಟ. ಅವರು ಹೋದ ವರ್ಷವೇ ಹಳೆಯ ಪ್ಯಾಕ್-12 ಕೂಟ ಒಡೆದು ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ತಂಡಗಳು ಅಟ್ಲಾಂಟಿಕ್ ತೀರದ ಕೂಟಕ್ಕೆ ಸೇರಿದವು. ಲೀಗ್ ಪಂದ್ಯಕ್ಕೆಂದು ದೇಶದ ಈ ಅಂಚಿನಿಂದ ಆ ಅಂಚಿಗೆ ಹಾರಬೇಕಾಯಿತು. ಮುಖ್ಯ ಆಟಗಾರ್ತಿಯರಲ್ಲಿ ಕ್ಯಾಮರಾನ್ ಬ್ರಿಂಕ್ ವೃತ್ತಿಪರ ಲೀಗಿಗೆ, ಕಿಕಿ ಇರಿಯಾಫೆನ್ ಲಾಸ್ ಏಂಜಲೀಸಿನ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದರು. 36 ವರ್ಷ ಒಂದೂ ತಪ್ಪದೆ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಿದ್ದ ತಂಡಕ್ಕೆ 2025ರ ಮಾರ್ಚ್‌ನಲ್ಲಿ ಕರೆ ಬರಲಿಲ್ಲ.

ಈಗಿನ ಕೋಚ್ ಕೇಟ್ ಪೇ ಅದೇ ಮನೆಯವರು. ವಿದ್ಯಾರ್ಥಿವೇತನವಿಲ್ಲದೆ ತಂಡ ಸೇರಿ, 1992ರ ಪ್ರಶಸ್ತಿ ಗೆದ್ದ ತಂಡದಲ್ಲಿದ್ದು, ಆಮೇಲೆ ವರ್ಷಾನುಗಟ್ಟಲೆ ಸಹಾಯಕ ಕೋಚ್ ಆಗಿ ದುಡಿದವರು. ಬರ್ಕ್ಲಿಯ ಕೋಚ್ ಚಾರ್ಮಿನ್ ಸ್ಮಿತ್ ಕೂಡ ತೊಂಬತ್ತರ ದಶಕದಲ್ಲಿ ಸ್ಟ್ಯಾನ್‌ಫರ್ಡಿಗೆ ಆಡಿದವರೇ. ಕೊಲ್ಲಿಯ ಎರಡು ದಡಗಳ ಎದುರಾಳಿಗಳು ಒಂದೇ ಗುರುವಿನ ಶಿಷ್ಯೆಯರು. ಒಬ್ಬರ ತಂಡ ಪಂದ್ಯಾವಳಿಗೆ ತಪ್ಪಿದ ವರ್ಷವೇ ಇನ್ನೊಬ್ಬರ ತಂಡ 2019ರ ಬಳಿಕ ಮೊದಲ ಸಲ ಅಲ್ಲಿಗೆ ತಲುಪಿತು. ತೆಂಕು ಬಡಗು ತಿಟ್ಟುಗಳ ವಾದದಲ್ಲಿ ಬೆಳೆದ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

2021ರ ತಂಡದ ಕತೆಯನ್ನು ಮಗಳಿಗೆ ಅನೇಕ ಸಲ ಹೇಳಿದ್ದೇನೆ. ಕೋವಿಡ್ ಕಾಲದಲ್ಲಿ ನಮ್ಮ ಸಾಂಟಾ ಕ್ಲಾರಾ ಕೌಂಟಿ ಮೈ ತಾಗುವ ಆಟಗಳನ್ನೆಲ್ಲ ನಿಲ್ಲಿಸಿತು. ತಂಡ ತನ್ನ ಮೇಪಲ್ಸ್ ಪೆವಿಲಿಯನ್ನಿನಲ್ಲಿ ಅಭ್ಯಾಸ ಮಾಡುವಂತೆಯೂ ಇರಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲ ಊರೂರು ಅಲೆಯುತ್ತ, ಹೋಟೆಲುಗಳಲ್ಲಿ ಮಲಗುತ್ತ, 'ತವರಿನ' ಪಂದ್ಯಗಳನ್ನು ಸಾಂಟಾ ಕ್ರೂಜ್‌ನಲ್ಲಿ ಆಡಿತು. ಡೇರೆ ಮೇಳದ ಬದುಕೇ ಅದು. ಕೊನೆಗೆ ಸ್ಯಾನ್ ಆಂಟೋನಿಯೊದಲ್ಲಿ ಅರಿಜೋನಾ ತಂಡವನ್ನು 54-53ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಂದು ಏಪ್ರಿಲ್ 4.

ಆ ತಾರೀಖಿಗೂ ಒಂದು ಕತೆಯಿದೆ. ಸರಿಯಾಗಿ 125 ವರ್ಷಗಳ ಹಿಂದೆ, 1896ರ ಏಪ್ರಿಲ್ 4ರಂದು, ಸ್ಯಾನ್ ಫ್ರಾನ್ಸಿಸ್ಕೋದ ಆರ್ಮರಿ ಹಾಲ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ವಿದ್ಯಾರ್ಥಿನಿಯರು ಎದುರಾದರು. ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳ ನಡುವೆ ನಡೆದ ಮೊತ್ತಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯವದು. ತಂಡಕ್ಕೆ ಒಂಬತ್ತು ಮಂದಿ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ನೋಡಲು ಬಂದ ನೂರಾರು ಮಂದಿಯೆಲ್ಲ ಹೆಂಗಸರು. ಸ್ಟ್ಯಾನ್‌ಫರ್ಡ್ 2-1ರಿಂದ ಗೆದ್ದಿತು. ಮೂರೇ ವರ್ಷದಲ್ಲಿ, 1899ರಲ್ಲಿ, ಹುಡುಗಿಯರು ಹೊರಗಿನ ತಂಡಗಳೊಡನೆ ಆಡುವುದನ್ನು ಸ್ಟ್ಯಾನ್‌ಫರ್ಡ್ ನಿಷೇಧಿಸಿತು. ಕಟ್ಟಿದ ಚೌಕಿಯನ್ನು ಯಾರೋ ಬಂದು ಕಿತ್ತುಹಾಕಿದಂತೆ. ಮತ್ತೆ ಕಟ್ಟಲು ಮುಕ್ಕಾಲು ಶತಮಾನ ಹಿಡಿಯಿತು, 1972ರ ಟೈಟಲ್ ನೈನ್ ಕಾನೂನು ಬರಬೇಕಾಯಿತು.

ನಾವು ಕನ್ನಡಿಗರೂ ಈ ಕತೆಗೆ ತೀರ ಹೊರಗಿನವರಲ್ಲ. 2017ರ ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳೆಯರು ಕಝಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ಪಿನ ಬಿ ವಿಭಾಗವನ್ನು ಗೆದ್ದರು. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಆದರೂ ನಮ್ಮ ಕೂಟಗಳಲ್ಲಿ ಮಗಳು ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆಂದರೆ ಮುಂದಿನ ಪ್ರಶ್ನೆ, "ಮೇಜರ್ ಏನು?" ಎಂಬುದೇ.

ಈಗ ಎರಡು ತಿಂಗಳಾಯಿತು. ಐದು ಮುಕ್ಕಾಲಿಗೆ ಪೂರ್ವ ಸ್ಯಾನ್ ಹೋಸೆಯ ಆ ಬೀದಿಯಲ್ಲಿ ಕಾರು ನಿಲ್ಲಿಸುವಾಗ ಹುಡುಗಿ ಮೆಟ್ಟಿಲ ಮೇಲೆ ಕಾದು ಕುಳಿತಿರುತ್ತಾಳೆ. ಮೊದಲ ವಾರ ಹಿಂದಿನ ಸೀಟಿನಲ್ಲಿ ಉಸಿರೂ ಕೇಳದಂತೆ ಇದ್ದವಳು ಈಗ ನಾನು ಹಾಕುವ ಬಡಗುತಿಟ್ಟಿನ ಪದ್ಯಗಳ ಚಂಡೆಗೆ ಸೀಟಿನ ಬೆನ್ನಿನ ಮೇಲೆ ತಾಳ ಹಾಕುತ್ತಾಳೆ, ತಪ್ಪು ತಪ್ಪಾಗಿ. ಫ್ಲಾಸ್ಕಿನ ಕಾಫಿಯಲ್ಲಿ ಅವಳಿಗೂ ಪಾಲಿದೆ. ಅವಳ ತಾಯಿ ಒಮ್ಮೆ ಬಾಳೆಲೆಯಂಥ ಎಲೆಯಲ್ಲಿ ಸುತ್ತಿದ ತಮಾಲೆ ಕಳುಹಿಸಿದ್ದರು. ಒಳಗಿದ್ದದ್ದು ಬೀನ್ಸ್ ಮಾತ್ರವೆಂದು ಎರಡೆರಡು ಸಲ ಹೇಳಿ ಕಳುಹಿಸಿದ್ದರು.

ಕಳೆದ ಶನಿವಾರ ಇನ್ನೊಂದು ಕಾಲೇಜಿನೊಡನೆ ಅಭ್ಯಾಸ ಪಂದ್ಯ ನಡೆಯಿತು. ಮೊದಲ ಐವರಲ್ಲಿ ಆ ಹುಡುಗಿಯಿದ್ದಳು, ನನ್ನ ಮಗಳಿರಲಿಲ್ಲ. ಮೊದಲ ಹತ್ತು ನಿಮಿಷ ಅವಳು ಬೆಂಚಿನ ಅಂಚಿನಲ್ಲಿ ಕುಳಿತು, ಬಾಯಿಗೆ ಎರಡೂ ಕೈ ಹಿಡಿದು, ಎದುರಾಳಿಗಳು ಬರುವ ದಿಕ್ಕನ್ನು ಕೂಗಿ ಹೇಳುತ್ತಲೇ ಇದ್ದಳು. ಎರಡನೆಯ ಪಾದದ ನಡುವೆ ಕೋಚ್ ಕೈಸನ್ನೆ ಮಾಡಿದರು. ಮಗಳು ಎದ್ದು ಹೋದಳು; ಹೊರಗೆ ಬಂದ ಹುಡುಗಿ ಅದೇ ಜಾಗದಲ್ಲಿ ಕುಳಿತು, ನೀರೂ ಕುಡಿಯದೆ, ಕೂಗಲು ಶುರುಮಾಡಿದಳು. ಅವಳ ದನಿ ನನ್ನ ಮಗಳ ದನಿಗಿಂತ ದೊಡ್ಡದು.